ಎಷ್ಟು ಮರ ಎಣಿಸಿದರೆ ನಂಬಬಹುದು? ತೋಟದ ಪ್ರಯೋಗದಲ್ಲಿ ಮಾದರಿಯ ಗಾತ್ರ

ಶಿವಮೊಗ್ಗ ನಗರದ ವಿದ್ಯಾನಗರವನ್ನು ದಾಟಿ ಬಿ.ಎಚ್. ರಸ್ತೆಯಲ್ಲಿ ಭದ್ರಾವತಿಯ ಕಡೆಗೆ ಹೊರಟರೆ ಭತ್ತದ ಗದ್ದೆಗಳ ನಡುನಡುವೆ ಅಡಿಕೆ ತೋಟಗಳು ಕಾಣಸಿಗುತ್ತವೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಷ್ಟು ಜಡಿಮಳೆ ಇಲ್ಲಿ ಬೀಳುವುದಿಲ್ಲ. ಆದರೂ ಮಳೆ ಬಿಡುವು ಕೊಡದ ವರ್ಷಗಳಲ್ಲಿ ಕೊಳೆರೋಗ ಇಲ್ಲಿಯೂ ತಲೆಹಾಕುತ್ತದೆ. ಬೋರ್ಡೋ ದ್ರಾವಣ ಹೊಡೆಸುವುದು ಬೆಳೆಗಾರರ ರೂಢಿ. ಈಚಿನ ವರ್ಷಗಳಲ್ಲಿ ಪೇಟೆಗೆ ಹೊಸ ಹೊಸ ಶಿಲೀಂಧ್ರನಾಶಕಗಳು ಬರುತ್ತಿರುವುದರಿಂದ, "ಹಳೆಯದನ್ನು ಬಿಟ್ಟು ಹೊಸದನ್ನು ಹಿಡಿಯಬೇಕೆ?" ಎಂಬ ಪ್ರಶ್ನೆ ಪ್ರತಿ ಮುಂಗಾರಿಗೂ ಮುಂಚೆ ಏಳುತ್ತದೆ. ಅನೇಕ ಬೆಳೆಗಾರರು ತಮ್ಮ ತೋಟದಲ್ಲೇ ಹೋಲಿಸಿ ನೋಡುತ್ತಾರೆ. ಇದು ಮೆಚ್ಚತಕ್ಕ ಸಂಗತಿ. ಆದರೆ ಎಷ್ಟು ಮರಗಳಲ್ಲಿ ಹೋಲಿಸಿದರೆ ಬಂದ ಉತ್ತರವನ್ನು ನಂಬಬಹುದು ಎಂಬ ಲೆಕ್ಕವನ್ನು ಮೊದಲೇ ಹಾಕುವವರು ವಿರಳ. ಆ ಲೆಕ್ಕವನ್ನು ರೈತರು ತಾವೇ ಹಾಕಿಕೊಳ್ಳುವ ಕ್ರಮವನ್ನು ಈ ಲೇಖನದಲ್ಲಿ ತಿಳಿಸಲಾಗಿದೆ.

ಅಣ್ಣತಮ್ಮಂದಿರ ತಕರಾರು

ಒಂದು ಉದಾಹರಣೆಯಿಂದ ಆರಂಭಿಸೋಣ. ವಿದ್ಯಾನಗರದಲ್ಲಿ ಮನೆ ಮಾಡಿಕೊಂಡಿರುವ ಇಬ್ಬರು ಅಣ್ಣತಮ್ಮಂದಿರಿಗೆ ಭದ್ರಾವತಿ ಕಡೆ ನಾಲ್ಕು ಎಕರೆ ಅಡಿಕೆ ತೋಟವಿದೆ ಎಂದಿಟ್ಟುಕೊಳ್ಳಿ. ಒಂಬತ್ತು ಅಡಿಗೆ ಒಂದರಂತೆ ನೆಟ್ಟ ತೋಟದಲ್ಲಿ ಎಕರೆಗೆ ಸುಮಾರು 540 ಮರಗಳು ಹಿಡಿಯುತ್ತವೆ. ಅಂದರೆ ಒಟ್ಟು 2160 ಮರ. ಇವರು ಒಂದು ಮಳೆಗಾಲದಲ್ಲಿ 40 ಮರಗಳಿಗೆ ಬೋರ್ಡೋ ದ್ರಾವಣವನ್ನೂ, ಬೇರೆ 40 ಮರಗಳಿಗೆ ಹೊಸ ಔಷಧಿಯನ್ನೂ ಹೊಡೆಸಿದರು. ಮಳೆಗಾಲ ಮುಗಿದ ಮೇಲೆ ಎಣಿಸಿದಾಗ ಬೋರ್ಡೋ ಹೊಡೆದ 40ರಲ್ಲಿ 8 ಮರಗಳಿಗೆ, ಹೊಸ ಔಷಧಿ ಹೊಡೆದ 40ರಲ್ಲಿ 4 ಮರಗಳಿಗೆ ರೋಗ ತಗಲಿತ್ತು. ಶೇಕಡಾವಾರು ಹೇಳುವುದಾದರೆ ಒಂದು ಕಡೆ 20, ಇನ್ನೊಂದು ಕಡೆ 10.

ತಮ್ಮ ಹೇಳಿದ: "ಅಣ್ಣಾ, ರೋಗ ಅರ್ಧಕ್ಕೆ ಇಳಿದಿದೆ. ಬರುವ ಮಳೆಗಾಲಕ್ಕೆ ಇಡೀ ತೋಟಕ್ಕೆ ಇದನ್ನೇ ಹೊಡೆಸೋಣ."

ಅಣ್ಣ ಒಪ್ಪಲಿಲ್ಲ: "ಎಂಟಕ್ಕೂ ನಾಲ್ಕಕ್ಕೂ ಏನು ಮಹಾ ವ್ಯತ್ಯಾಸ ಕಣೋ? ನಾಲ್ಕು ಮರ ಬಸಿಗಾಲುವೆ ಪಕ್ಕ ಇದ್ದುದಕ್ಕೆ ರೋಗ ಬಂದಿರಬಹುದು. ಹೊಸದರಲ್ಲಿ ಏನೂ ಇಲ್ಲ, ದುಡ್ಡು ದಂಡ."

ಈ ತಕರಾರಿನ ಹಿಂದೆ ಸಣ್ಣ ಮೊತ್ತವೇನೂ ಇಲ್ಲ. ಲೆಕ್ಕಕ್ಕಾಗಿ ಹೊಸ ಔಷಧಿಗೆ ಮರವೊಂದಕ್ಕೆ 20 ರೂ. ಹೆಚ್ಚು ಖರ್ಚು, ರೋಗ ತಗಲಿದ ಮರವೊಂದರಿಂದ 400 ರೂ. ನಷ್ಟ ಎಂದು ಇಟ್ಟುಕೊಳ್ಳೋಣ. ಹೊಸ ಔಷಧಿಯಲ್ಲಿ ಹೆಚ್ಚಿನ ಗುಣವಿಲ್ಲದಿದ್ದು ತಮ್ಮನ ಮಾತಿನಂತೆ ನಡೆದರೆ ವರ್ಷಕ್ಕೆ 43,200 ರೂ. ವ್ಯರ್ಥ. ಔಷಧಿ ನಿಜವಾಗಿ ನೂರಕ್ಕೆ ಹತ್ತು ಮರಗಳನ್ನು ಉಳಿಸುವಂಥದಾಗಿದ್ದು ಅಣ್ಣನ ಮಾತಿನಂತೆ ಕೈಬಿಟ್ಟರೆ 216 ಮರಗಳ ಫಸಲು, ಅಂದರೆ 86,400 ರೂ. ಕೈತಪ್ಪುತ್ತದೆ. ಉಳಿತಾಯವಾದ ಔಷಧಿಯ ಖರ್ಚನ್ನು ಕಳೆದರೂ ನಷ್ಟ 43,200 ರೂ. ಎರಡು ಬಗೆಯ ತಪ್ಪಿಗೂ ದಂಡ ಒಂದೇ.

ಇಬ್ಬರಲ್ಲಿ ಯಾರ ಮಾತು ಸರಿ? 40 ಮರಗಳ ಈ ಪ್ರಯೋಗದಿಂದ ಇಬ್ಬರ ಮಾತನ್ನೂ ಒಪ್ಪಲಾಗದು. ಏಕೆಂಬುದನ್ನು ಮುಂದೆ ನೋಡೋಣ.

ಮೊಳಕೆ ಪರೀಕ್ಷೆ ಕಲಿಸುವ ಪಾಠ

ಬಿತ್ತನೆಗೆ ಮುಂಚೆ ಒದ್ದೆ ಗೋಣಿಯಲ್ಲಿ ನೂರು ಕಾಳು ಸುತ್ತಿಟ್ಟು ಮೊಳಕೆ ಎಣಿಸುವುದು ರೈತರಿಗೆ ಹೊಸದಲ್ಲ. ಪ್ರಮಾಣಿತ ಭತ್ತದ ಬೀಜಕ್ಕೆ ಕನಿಷ್ಠ ಶೇ. 80 ಮೊಳಕೆ ಇರಬೇಕೆಂಬ ನಿಯಮವಿದೆ. ಸರಿಯಾಗಿ ಶೇ. 80 ಮೊಳಕೆಯಿರುವ ಒಂದೇ ಚೀಲದಿಂದ ಹತ್ತು ಮನೆಯವರು ನೂರು ನೂರು ಕಾಳು ತೆಗೆದು ಪರೀಕ್ಷಿಸಿದರೆ ಹತ್ತೂ ಮನೆಗಳಲ್ಲಿ 80 ಬರುವುದಿಲ್ಲ. ಒಬ್ಬರಿಗೆ 76, ಇನ್ನೊಬ್ಬರಿಗೆ 85 ಬರಬಹುದು. ಬೀಜ ಒಂದೇ, ಕೈಗೆ ಸಿಕ್ಕ ಕಾಳುಗಳು ಮಾತ್ರ ಬೇರೆ. ಈ ಏರಿಳಿತಕ್ಕೆ ಆಕಸ್ಮಿಕ ವ್ಯತ್ಯಾಸ ಎನ್ನುತ್ತಾರೆ.

ಈ ಏರಿಳಿತ ಎಷ್ಟರಮಟ್ಟಿಗೆ ಇರಬಹುದೆಂದು ಸುಲಭವಾಗಿ ಅಂದಾಜು ಮಾಡಬಹುದು. ಮೊಳೆತ ಶೇಕಡಾವನ್ನು ಮೊಳೆಯದ ಶೇಕಡಾದಿಂದ ಗುಣಿಸಬೇಕು: 80 × 20 = 1600. ಅದನ್ನು ಕಾಳಿನ ಸಂಖ್ಯೆಯಿಂದ ಭಾಗಿಸಬೇಕು: 1600 ÷ 100 = 16. ಅದರ ವರ್ಗಮೂಲ 4. ಇದರ ಎರಡರಷ್ಟು, ಅಂದರೆ 8, ಮೇಲೆ ಕೆಳಗೆ ಹೋಗಬಹುದು. ನೂರು ಸಲ ಪರೀಕ್ಷಿಸಿದರೆ ಸುಮಾರು 95 ಸಲ ಉತ್ತರ 72ರಿಂದ 88ರೊಳಗೆ ಬೀಳುತ್ತದೆ. ಕಾಳುಗಳನ್ನು 400ಕ್ಕೆ ಏರಿಸಿದರೆ 1600 ÷ 400 = 4, ವರ್ಗಮೂಲ 2, ಅದರ ಎರಡರಷ್ಟು 4. ಆಗ ಉತ್ತರ 76ರಿಂದ 84ರೊಳಗೆ ನಿಲ್ಲುತ್ತದೆ. ಬೀಜ ಪರೀಕ್ಷಾ ಪ್ರಯೋಗಾಲಯಗಳಲ್ಲಿ ನೂರರಂತೆ ನಾಲ್ಕು ಸಲ, ಒಟ್ಟು 400 ಕಾಳುಗಳನ್ನು ಎಣಿಸುವ ಪದ್ಧತಿಯ ಗುಟ್ಟು ಇದೇ.

ಇಲ್ಲಿ ಎರಡು ಅಂಶಗಳನ್ನು ಮನದಲ್ಲಿಟ್ಟುಕೊಳ್ಳಬೇಕು. ಎಣಿಸಿದ ಸಂಖ್ಯೆ ಹೆಚ್ಚಿದಂತೆ ಏರಿಳಿತ ಕಡಿಮೆಯಾಗುತ್ತದೆ. ಆದರೆ ಏರಿಳಿತವನ್ನು ಅರ್ಧಕ್ಕೆ ಇಳಿಸಬೇಕಾದರೆ ಸಂಖ್ಯೆಯನ್ನು ನಾಲ್ಕರಷ್ಟು ಮಾಡಬೇಕಾಗುತ್ತದೆ.

ನಲವತ್ತು ಮರಗಳು ಏನು ಹೇಳುತ್ತವೆ?

ಈಗ ಅಣ್ಣತಮ್ಮಂದಿರ ತೋಟಕ್ಕೆ ಬರೋಣ. ಇಲ್ಲಿ ಎರಡು ಪ್ರಮಾಣಗಳಿವೆ, ಎರಡರಲ್ಲೂ ಏರಿಳಿತ ಇರುತ್ತದೆ. ಆದುದರಿಂದ ಎರಡನ್ನೂ ಕೂಡಿಸಬೇಕು.

ಬೋರ್ಡೋ: 20 × 80 = 1600
ಹೊಸ ಔಷಧಿ: 10 × 90 = 900
ಒಟ್ಟು: 2500
ಮರಗಳಿಂದ ಭಾಗಿಸಿದರೆ: 2500 ÷ 40 = 62.5
ವರ್ಗಮೂಲ: ಸುಮಾರು 8, ಅದರ ಎರಡರಷ್ಟು 16

ಕಂಡ ವ್ಯತ್ಯಾಸ 10. ಅದಕ್ಕೆ 16 ಕೂಡಿಸಿದರೆ 26, ಕಳೆದರೆ ಸೊನ್ನೆಗಿಂತ 6 ಕಡಿಮೆ. ಅಂದರೆ ಹೊಸ ಔಷಧಿ ನೂರು ಮರಗಳಲ್ಲಿ 26ನ್ನು ಹೆಚ್ಚಾಗಿ ಉಳಿಸುವಂಥದ್ದೂ ಇರಬಹುದು, ಬೋರ್ಡೋಗಿಂತ 6 ಮರಗಳಷ್ಟು ಕಳಪೆಯೂ ಇರಬಹುದು. ಪ್ರಯೋಗವು ಈ ಎರಡರ ನಡುವೆ ಎಲ್ಲಿ ಎಂದು ಹೇಳಲಾರದೆ ನಿಂತಿದೆ. "ಅರ್ಧಕ್ಕೆ ಇಳಿಯಿತು" ಎಂಬ ತಮ್ಮನ ಮಾತಿಗೆ ಆಧಾರ ಸಾಲದು. "ಏನೂ ಇಲ್ಲ" ಎಂಬ ಅಣ್ಣನ ಮಾತಿಗೂ ಆಧಾರ ಸಾಲದು. ವ್ಯತ್ಯಾಸ ರುಜುವಾತಾಗಲಿಲ್ಲ ಎಂದ ಮಾತ್ರಕ್ಕೆ ವ್ಯತ್ಯಾಸ ಇಲ್ಲವೆಂದು ಅರ್ಥವಲ್ಲ.

ಪ್ರಯೋಗದ ಪತ್ತೆ ಶಕ್ತಿ

ಹೊಳೆಯಲ್ಲಿ ದೊಡ್ಡ ಕಣ್ಣಿನ ಬಲೆ ಬೀಸಿ ಸಣ್ಣ ಮೀನು ಸಿಗಲಿಲ್ಲವೆಂದರೆ ಹೊಳೆಯಲ್ಲಿ ಸಣ್ಣ ಮೀನೇ ಇಲ್ಲವೆಂದು ಯಾರೂ ಹೇಳುವುದಿಲ್ಲ. ಪ್ರಯೋಗವೂ ಬಲೆಯಂತೆ. ನಿಜವಾಗಿ ಇರುವ ವ್ಯತ್ಯಾಸವನ್ನು ಹಿಡಿಯುವ ಅದರ ಯೋಗ್ಯತೆಗೆ ಪತ್ತೆ ಶಕ್ತಿ ಎನ್ನಬಹುದು.

ಪ್ರಯೋಗದಲ್ಲಿ ಎರಡು ಬಗೆಯ ತಪ್ಪುಗಳು ಆಗಬಹುದು. ವ್ಯತ್ಯಾಸ ಇಲ್ಲದಿದ್ದರೂ ಇದೆ ಎನ್ನುವುದು ಮೊದಲ ಬಗೆಯ ತಪ್ಪು. ವ್ಯತ್ಯಾಸ ಇದ್ದರೂ ಕಾಣದೆ ಹೋಗುವುದು ಎರಡನೆಯ ಬಗೆಯ ತಪ್ಪು. ಮೊದಲನೆಯದನ್ನು ನೂರಕ್ಕೆ 5ಕ್ಕೆ, ಎರಡನೆಯದನ್ನು ನೂರಕ್ಕೆ 20ಕ್ಕೆ ಮಿತಿಗೊಳಿಸುವುದು ಸಾಮಾನ್ಯವಾಗಿ ಒಪ್ಪಿತವಾದ ಕ್ರಮ. ಎರಡನೆಯ ತಪ್ಪು ಶೇ. 20 ಎಂದರೆ ಪತ್ತೆ ಶಕ್ತಿ ಶೇ. 80.

ರೋಗದ ನಿಜವಾದ ಪ್ರಮಾಣ ಬೋರ್ಡೋದಲ್ಲಿ ಶೇ. 20, ಹೊಸದರಲ್ಲಿ ಶೇ. 10 ಇದ್ದಾಗ ಪತ್ತೆ ಶಕ್ತಿ ಹೀಗಿರುತ್ತದೆ:

ಪ್ರತಿ ಔಷಧಿಗೆ 40 ಮರ: ಶೇ. 24
ಪ್ರತಿ ಔಷಧಿಗೆ 100 ಮರ: ಶೇ. 50
ಪ್ರತಿ ಔಷಧಿಗೆ 200 ಮರ: ಶೇ. 80
ಪ್ರತಿ ಔಷಧಿಗೆ 263 ಮರ: ಶೇ. 90

ಔಷಧಿಯು ರೋಗವನ್ನು ನಿಜವಾಗಿಯೂ ಅರ್ಧಕ್ಕೆ ಇಳಿಸುವಂಥದಾಗಿದ್ದರೂ, 40 ಮರಗಳ ಪ್ರಯೋಗಗಳಲ್ಲಿ ನಾಲ್ಕರಲ್ಲಿ ಮೂರು "ರುಜುವಾತಾಗಲಿಲ್ಲ" ಎಂದೇ ಮುಗಿಯುತ್ತವೆ. ನೂರು ಮರಗಳಿದ್ದರೂ ಅದು ನಾಣ್ಯ ಚಿಮ್ಮಿದಂತೆಯೇ. ಒಂದು ವರ್ಷದ ಶ್ರಮ ಹಾಕುವ ಮುಂಚೆ ಇದನ್ನು ತಿಳಿದಿರುವುದು ಅವಶ್ಯ.

ಎಷ್ಟು ಮರ ಬೇಕು? ಸುಲಭ ಸೂತ್ರ

ಪ್ರತಿ ಔಷಧಿಗೆ ಬೇಕಾದ ಮರಗಳ ಸಂಖ್ಯೆಯನ್ನು ಕಂಡುಹಿಡಿಯಲು ನಾಲ್ಕು ಹೆಜ್ಜೆಗಳು ಸಾಕು.

1. ಈಗಿನ ಪದ್ಧತಿಯಲ್ಲಿ ರೋಗ ಶೇಕಡಾ ಎಷ್ಟು ಎಂದು ಹಿಂದಿನ ವರ್ಷಗಳ ಅನುಭವದಿಂದ ಅಂದಾಜು ಮಾಡಬೇಕು. ಹೊಸ ಪದ್ಧತಿಯಲ್ಲಿ ಎಷ್ಟಕ್ಕೆ ಇಳಿದರೆ ಖರ್ಚಿಗೆ ತಕ್ಕ ಪ್ರಯೋಜನ ಎಂದು ತೀರ್ಮಾನಿಸಬೇಕು.

2. ಪ್ರತಿಯೊಂದಕ್ಕೂ ರೋಗದ ಶೇಕಡಾವನ್ನು ಆರೋಗ್ಯದ ಶೇಕಡಾದಿಂದ ಗುಣಿಸಿ, ಎರಡನ್ನೂ ಕೂಡಿಸಬೇಕು. ನಮ್ಮ ಉದಾಹರಣೆಯಲ್ಲಿ 1600 + 900 = 2500.

3. ಎರಡು ಶೇಕಡಾಗಳ ವ್ಯತ್ಯಾಸವನ್ನು ಅದರಿಂದಲೇ ಗುಣಿಸಬೇಕು. 10 × 10 = 100.

4. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ 8ರಿಂದ ಗುಣಿಸಬೇಕು. 2500 ÷ 100 = 25; 25 × 8 = 200.

ಆದುದರಿಂದ ಪ್ರತಿ ಔಷಧಿಗೆ 200 ಮರ, ಎರಡಕ್ಕೂ ಸೇರಿ 400 ಮರಗಳು ಬೇಕು. ಸೂತ್ರದಲ್ಲಿನ 8 ಎಲ್ಲಿಂದ ಬಂತು ಎಂದು ವಿಸ್ತರಣಾ ಕಾರ್ಯಕರ್ತರು ಕೇಳಬಹುದು. ಮೊದಲ ಬಗೆಯ ತಪ್ಪು ಶೇ. 5 ಮೀರದಿರಲು 1.96, ಪತ್ತೆ ಶಕ್ತಿ ಶೇ. 80 ಇರಲು 0.84 ಎಂಬ ಸಂಖ್ಯೆಗಳನ್ನು ಬಳಸುತ್ತಾರೆ. ಇವುಗಳ ಮೊತ್ತ 2.8. ಅದರ ವರ್ಗ 7.84, ಸುಮಾರು 8. ಪತ್ತೆ ಶಕ್ತಿ ಶೇ. 90 ಬೇಕಾದರೆ 8ರ ಬದಲು 10.5ರಿಂದ ಗುಣಿಸಬೇಕು. ಇದು ಹತ್ತಿರದ ಅಂದಾಜು. ಆದುದರಿಂದ ಬಂದ ಸಂಖ್ಯೆಗೆ ಹತ್ತರಲ್ಲಿ ಒಂದು ಪಾಲು ಹೆಚ್ಚಿಗೆ ಸೇರಿಸಿಕೊಳ್ಳುವುದು ಕ್ಷೇಮ. ಗಾಳಿಗೆ ಬಿದ್ದ ಮರ, ಎಣಿಕೆ ತಪ್ಪಿದ ಮರಗಳಿಗೂ ಅದು ಸರಿಹೋಗುತ್ತದೆ.

ಇದೇ ಸೂತ್ರದಿಂದ ಬರುವ ಕೆಲವು ಸಂಖ್ಯೆಗಳು ಕೆಳಗಿವೆ. ಇವು ಪ್ರತಿ ಔಷಧಿಗೆ ಬೇಕಾದ ಮರಗಳು.

ಶೇ. 50ರಿಂದ 25ಕ್ಕೆ ಇಳಿಕೆ: 56
ಶೇ. 40ರಿಂದ 20ಕ್ಕೆ ಇಳಿಕೆ: 80
ಶೇ. 30ರಿಂದ 15ಕ್ಕೆ ಇಳಿಕೆ: 120
ಶೇ. 20ರಿಂದ 10ಕ್ಕೆ ಇಳಿಕೆ: 200
ಶೇ. 10ರಿಂದ 5ಕ್ಕೆ ಇಳಿಕೆ: 440
ಶೇ. 20ರಿಂದ 15ಕ್ಕೆ ಇಳಿಕೆ: 920

ಮೊದಲ ಐದು ಸಾಲುಗಳಲ್ಲಿ ರೋಗ ಅರ್ಧಕ್ಕೆ ಇಳಿದಿದೆ. "ಅರ್ಧಕ್ಕೆ ಇಳಿಸುತ್ತದೆ" ಎಂಬ ಮಾತು ಒಂದೇ ಆದರೂ ಅದನ್ನು ಪರೀಕ್ಷಿಸಲು ಬೇಕಾದ ಮರಗಳು 56ರಿಂದ 440ರವರೆಗೆ ಬದಲಾಗಿವೆ. ರೋಗವೇ ಕಡಿಮೆ ಇರುವ ತೋಟದಲ್ಲಿ ಔಷಧಿಯ ಗುಣವನ್ನು ತಿಳಿಯುವುದು ಕಷ್ಟ. ಕೊನೆಯ ಸಾಲನ್ನು ಶೇ. 20ರಿಂದ 10ರ ಸಾಲಿನೊಡನೆ ಹೋಲಿಸಿದರೆ ವ್ಯತ್ಯಾಸ ಅರ್ಧವಾದಾಗ ಮರಗಳು ನಾಲ್ಕರಷ್ಟಕ್ಕೂ ಹೆಚ್ಚಾಗಿರುವುದು ಕಾಣುತ್ತದೆ.

ಈ ಸೂತ್ರ ಅಡಿಕೆಗೆ ಮಾತ್ರ ಸೀಮಿತವಲ್ಲ. ಬೀಜೋಪಚಾರದಿಂದ ಮೊಳಕೆ ಶೇ. 80ರಿಂದ 90ಕ್ಕೆ ಏರುತ್ತದೆಯೇ ಎಂದು ನೋಡಲು ಲೆಕ್ಕ ಹಾಕಿದರೂ 200 ಎಂದೇ ಬರುತ್ತದೆ. 200 ಕಾಳುಗಳನ್ನು ಎಣಿಸುವುದು ಒಂದು ಬೆಳಗಿನ ಕೆಲಸ, 200 ಮರಗಳನ್ನು ಎಣಿಸುವುದು ಒಂದು ಮಳೆಗಾಲದ ಕೆಲಸ.

ದೊಡ್ಡ ವ್ಯತ್ಯಾಸ, ಸಣ್ಣ ವ್ಯತ್ಯಾಸ

ಫ್ರಾನ್ಸಿನ ಬೋರ್ಡೋ ಪ್ರಾಂತ್ಯದ ದ್ರಾಕ್ಷಿ ತೋಟಗಳಲ್ಲಿ ಮೈಲುತುತ್ತ ಮತ್ತು ಸುಣ್ಣದ ದ್ರಾವಣದ ಗುಣವನ್ನು ಮಿಲಾರ್ಡೆ ಎಂಬ ವಿಜ್ಞಾನಿ 1885ರಲ್ಲಿ ಪ್ರಕಟಿಸಿದರು. ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅವರು ಮಲೆನಾಡಿನ ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು. ರೋಗಕ್ಕೆ ಫೈಟಾಪ್ತೊರಾ ಜಾತಿಯ ಶಿಲೀಂಧ್ರ ಕಾರಣವೆಂದು ತಿಳಿಸಿ, ಗೊನೆಗಳಿಗೆ ಬೋರ್ಡೋ ದ್ರಾವಣ ಸಿಂಪಡಿಸುವ ಕ್ರಮವನ್ನು ಬಳಕೆಗೆ ತಂದರು. ಅದಕ್ಕೂ ಮುಂಚಿನಿಂದ ಬೆಳೆಗಾರರು ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ರಕ್ಷಿಸುತ್ತಿದ್ದರು.

ಔಷಧಿಯೇ ಕಾಣದ ತೋಟಕ್ಕೂ ದ್ರಾವಣ ಹೊಡೆದ ತೋಟಕ್ಕೂ ಇರುವ ಅಂತರ ಕಣ್ಣಿಗೆ ಹೊಡೆದು ಕಾಣುತ್ತದೆ. ರೋಗ ಶೇ. 80 ಇದ್ದುದು ಶೇ. 10ಕ್ಕೆ ಇಳಿಯುವುದಾದರೆ ಹತ್ತು ಹನ್ನೆರಡು ಮರಗಳೇ ಸಾಕ್ಷಿ ಹೇಳುತ್ತವೆ. ಇಂದಿನ ಪ್ರಶ್ನೆ ಹಾಗಿಲ್ಲ. ಒಂದು ಒಳ್ಳೆಯ ಔಷಧಿಗೂ ಅದಕ್ಕಿಂತ ಸ್ವಲ್ಪ ಮೇಲೆನ್ನುವ ಇನ್ನೊಂದಕ್ಕೂ ಹೋಲಿಕೆ ನಡೆಯುತ್ತಿದೆ. ವ್ಯತ್ಯಾಸ ಕಿರಿದಾದಷ್ಟೂ ಎಣಿಸಬೇಕಾದ ಮರಗಳು ಹೆಚ್ಚುತ್ತವೆ. ಹತ್ತಾರು ಮರ ನೋಡಿ ತೀರ್ಮಾನಿಸುವ ಹಳೆಯ ರೂಢಿ ಈಗ ಕೈಕೊಡುವುದು ಇದರಿಂದಲೇ.

ಈ ವಿದ್ಯೆ ಹುಟ್ಟಿ ಬೆಳೆದದ್ದು ಬಹುಮಟ್ಟಿಗೆ ಹೊಲದಲ್ಲಿಯೇ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರವನ್ನು 1919ರಲ್ಲಿ ಸೇರಿದ ಫಿಶರ್ ಅವರು ತಾಕುಗಳಿಗೆ ಚೀಟಿ ಎತ್ತಿ ಉಪಚಾರ ಹಂಚುವ ಕ್ರಮವನ್ನು ರೂಪಿಸಿದರು. ಪತ್ತೆ ಶಕ್ತಿಯ ಲೆಕ್ಕಕ್ಕೆ 1933ರಲ್ಲಿ ತಳಹದಿ ಹಾಕಿದವರು ನೈಮನ್ ಮತ್ತು ಪಿಯರ್ಸನ್. ನೈಮನ್ ಅವರು ಪೋಲೆಂಡಿನಲ್ಲಿ ಕೃಷಿ ಸಂಸ್ಥೆಯೊಂದರಲ್ಲಿ ದುಡಿದವರು. ಇದೇ ಶಾಸ್ತ್ರದಲ್ಲಿ ಜಗತ್ತಿನ ಮನ್ನಣೆ ಪಡೆದ ಸಿ.ಆರ್. ರಾವ್ ಅವರು 1920ರಲ್ಲಿ ಹುಟ್ಟಿದ್ದು ನಮ್ಮ ಹೂವಿನ ಹಡಗಲಿಯಲ್ಲಿ.

ಕಾಯಿ ಎಣಿಸಿದರೆ ಸಂಖ್ಯೆ ಹೆಚ್ಚುವುದೇ?

"ಮರ ನಲವತ್ತೇ ಇರಲಿ, ಮರಕ್ಕೆ ನೂರಾರು ಕಾಯಿ ಇವೆಯಲ್ಲ, ಕಾಯಿಗಳನ್ನೇ ಎಣಿಸಿದರೆ ಸಾವಿರಗಟ್ಟಲೆ ಆಗುತ್ತದೆ" ಎಂದು ಕೆಲವರು ಹೇಳುವುದುಂಟು. ಇದು ಸರಿಯಲ್ಲ. ಒಂದು ಗೊನೆಯಲ್ಲಿ ಒಂದು ಕಾಯಿಗೆ ರೋಗ ಹತ್ತಿದರೆ ಪಕ್ಕದ ಕಾಯಿಗಳಿಗೂ ಹತ್ತುತ್ತದೆ. ಆ ಕಾಯಿಗಳೆಲ್ಲ ಒಂದೇ ಸಾಕ್ಷಿಯ ಮಾತನ್ನು ಮತ್ತೆ ಮತ್ತೆ ಹೇಳುತ್ತವೆಯೇ ಹೊರತು ಬೇರೆ ಬೇರೆ ಸಾಕ್ಷಿಗಳಾಗುವುದಿಲ್ಲ.

ಮರಗಳ ವಿಷಯದಲ್ಲೂ ಇದು ಸ್ವಲ್ಪಮಟ್ಟಿಗೆ ನಿಜ. ಮಳೆಹನಿ ಮತ್ತು ಗಾಳಿಯಿಂದ ರೋಗ ಮರದಿಂದ ಮರಕ್ಕೆ ಹರಡುತ್ತದೆ. ಅಕ್ಕಪಕ್ಕದ ಮರಗಳ ಗತಿ ಒಂದೇ ತೆರನಾಗಿರುತ್ತದೆ. ತೋಟದ ತಗ್ಗಿನ ಅರ್ಧಕ್ಕೆ ಒಂದು ಔಷಧಿ, ದಿಬ್ಬದ ಅರ್ಧಕ್ಕೆ ಇನ್ನೊಂದು ಹೊಡೆದರೆ ಮರ ಸಾವಿರವಿದ್ದರೂ ಹೋಲಿಕೆಯಾಗುವುದು ಎರಡೇ ತುಂಡುಗಳ ನಡುವೆ. ತಗ್ಗಿನ ತೇವದ ಫಲವನ್ನು ಔಷಧಿಯ ಫಲವೆಂದು ತಿಳಿಯುವ ಅಪಾಯವಿದೆ.

ಇದಕ್ಕೆ ಪರಿಹಾರವೆಂದರೆ ತೋಟವನ್ನು ಸಣ್ಣ ಗುಂಪುಗಳಾಗಿ ವಿಂಗಡಿಸಿ, ಗುಂಪುಗಳಿಗೆ ಔಷಧಿಯನ್ನು ಹಂಚುವುದು. ಆಗ ಬೇಕಾದ ಮರಗಳ ಸಂಖ್ಯೆಯನ್ನು ಹೀಗೆ ತಿದ್ದಿಕೊಳ್ಳಬೇಕು: ಗುಂಪಿನ ಮರಗಳಲ್ಲಿ ಒಂದನ್ನು ಕಳೆದು, ಹೋಲಿಕೆಯ ಗುಣಕದಿಂದ ಗುಣಿಸಿ, ಒಂದನ್ನು ಕೂಡಿಸಬೇಕು. ಅಕ್ಕಪಕ್ಕದ ಮರಗಳು ಎಷ್ಟರಮಟ್ಟಿಗೆ ಒಂದೇ ಗತಿ ಕಾಣುತ್ತವೆ ಎಂಬುದನ್ನು ಈ ಗುಣಕ ಸೂಚಿಸುತ್ತದೆ. ಅದನ್ನು 0.1 ಎಂದು ಇಟ್ಟುಕೊಂಡರೆ,

10 ಮರಗಳ ಗುಂಪು: 1 + (9 × 0.1) = 1.9, ಬೇಕಾದ ಮರ 200 × 1.9 = 380
5 ಮರಗಳ ಗುಂಪು: 1 + (4 × 0.1) = 1.4, ಬೇಕಾದ ಮರ 200 × 1.4 = 280

ಕೆಲವೇ ದೊಡ್ಡ ಗುಂಪುಗಳಿಗಿಂತ ಹಲವು ಸಣ್ಣ ಗುಂಪುಗಳು ಮೇಲು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಏಳು ತೋಟ ಸೇರಿದರೆ

ಪ್ರತಿ ಔಷಧಿಗೆ 280, ಒಟ್ಟು 560 ಮರಗಳು ಒಬ್ಬ ಸಣ್ಣ ಬೆಳೆಗಾರನಿಗೆ ಭಾರವೇ. ಆದರೆ ಏಳು ಮಂದಿ ನೆರೆಹೊರೆಯ ಬೆಳೆಗಾರರು ಸೇರಿದರೆ ಒಬ್ಬೊಬ್ಬರ ಪಾಲಿಗೆ 40 ಮತ್ತು 40 ಮರಗಳು ಮಾತ್ರ ಬೀಳುತ್ತವೆ. ಅಣ್ಣತಮ್ಮಂದಿರು ಮಾಡಿದ್ದೂ ಅಷ್ಟೇ. ಒಬ್ಬಂಟಿಯಾಗಿ ಉತ್ತರ ಕೊಡಲಾರದ ಪ್ರಯೋಗವು ಏಳು ಸೇರಿದಾಗ ಉತ್ತರ ಕೊಡುತ್ತದೆ. ಅದನ್ನು ಮಾಡುವ ಕ್ರಮ ಹೀಗಿದೆ.

1. ಪ್ರತಿ ತೋಟದಲ್ಲೂ ಎರಡೂ ಔಷಧಿಗಳು ಇರಬೇಕು. ಒಬ್ಬರ ತೋಟದಲ್ಲಿ ಒಂದು, ಇನ್ನೊಬ್ಬರ ತೋಟದಲ್ಲಿ ಮತ್ತೊಂದು ಎಂದಾಗಬಾರದು.

2. ಐದು ಮರಗಳ 16 ಗುಂಪುಗಳನ್ನು ಗುರುತಿಸಿ ಬಣ್ಣ ಹಚ್ಚಬೇಕು. ಅಕ್ಕಪಕ್ಕದ ಎರಡೆರಡು ಗುಂಪುಗಳನ್ನು ಜೋಡಿ ಮಾಡಿ, ಪ್ರತಿ ಜೋಡಿಗೂ ನಾಣ್ಯ ಚಿಮ್ಮಿ ಯಾವುದಕ್ಕೆ ಯಾವ ಔಷಧಿ ಎಂದು ಗೊತ್ತುಮಾಡಬೇಕು. "ಈ ಮರಗಳು ಚೆನ್ನಾಗಿವೆ, ಇವಕ್ಕೆ ಹೊಸದನ್ನು ಹೊಡೆಯೋಣ" ಎಂಬ ಆಯ್ಕೆ ಕೂಡದು. ಗುಂಪುಗಳ ನಡುವಿನ ಅಂಚಿನ ಮರಗಳಿಗೂ ಔಷಧಿ ಹೊಡೆಯಬೇಕು, ಆದರೆ ಎಣಿಕೆಗೆ ಹಿಡಿಯಬಾರದು.

3. ಯಾವ ಮರವನ್ನೂ ಔಷಧಿಯಿಲ್ಲದೆ ಬಿಡುವ ಅಗತ್ಯವಿಲ್ಲ. ಹೋಲಿಕೆಗೆ ಶೇ. 1ರ ಬೋರ್ಡೋ ದ್ರಾವಣವೇ ಸಾಕು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, 100 ಲೀಟರ್ ನೀರು ಇದರ ಅಳತೆ. ಮುಂಗಾರು ಹಿಡಿಯುವ ಮುಂಚೆ ಒಂದು ಸಲ, 40ರಿಂದ 45 ದಿನಗಳ ನಂತರ ಇನ್ನೊಂದು ಸಲ ಸಿಂಪಡಿಸಬೇಕು. ಹೊಸ ಔಷಧಿಯಾಗಿ ತಜ್ಞರು ಶಿಫಾರಸು ಮಾಡಿದ್ದನ್ನು ಮಾತ್ರ, ಹೇಳಿದ ಪ್ರಮಾಣದಲ್ಲಿ ಬಳಸಬೇಕು. ಎರಡನ್ನೂ ಒಂದೇ ದಿನ, ಒಂದೇ ಬಗೆಯ ಪಂಪಿನಿಂದ ಹೊಡೆಸಬೇಕು.

4. ಯಾವುದನ್ನು ರೋಗದ ಮರ ಎನ್ನಬೇಕೆಂದು ಮೊದಲೇ ಬರೆದಿಡಬೇಕು. ತೊಟ್ಟಿನ ಬಳಿ ನೀರು ತುಂಬಿದಂಥ ಕಡುಹಸಿರು ಕಲೆ, ಮೇಲೆ ಬಿಳಿ ಬೂಷ್ಟು ಇರುವ ಐದು ಕಾಯಿಗಳು ಉದುರಿದರೆ ಅದು ರೋಗದ ಮರ ಎಂಬಂತೆ ಒಂದು ಗೆರೆ ಎಳೆದುಕೊಂಡು ಏಳೂ ತೋಟಗಳಲ್ಲಿ ಅದನ್ನೇ ಪಾಲಿಸಬೇಕು.

5. ಯಾವ ಗುಂಪಿಗೆ ಯಾವ ಔಷಧಿ ಎಂದು ತಿಳಿಯದವರು ಎಣಿಸುವುದು ಉತ್ತಮ. ಒಬ್ಬರ ತೋಟವನ್ನು ಇನ್ನೊಬ್ಬರು ಎಣಿಸುವ ಏರ್ಪಾಡು ಮಾಡಿಕೊಳ್ಳಬಹುದು. ಬೋರ್ಡೋ ಹೊಡೆದ ಗೊನೆಯ ಮೇಲೆ ನೀಲಿ ಬಣ್ಣ ಉಳಿಯುವುದರಿಂದ ಪೂರ್ತಿ ಮುಚ್ಚಿಡಲಾಗದು. ಹಾಗಿರುವಾಗ ಬರೆದಿಟ್ಟ ಗೆರೆಯನ್ನು ಬಿಗಿಯಾಗಿ ಪಾಲಿಸಬೇಕು.

6. ಎಣಿಕೆಯ ದಿನವನ್ನು ಮುಂಚಿತವಾಗಿ ಗೊತ್ತುಮಾಡಬೇಕು. ವಾರಕ್ಕೊಮ್ಮೆ ಇಣುಕಿ ನೋಡಿ, ವ್ಯತ್ಯಾಸ ಕಂಡ ದಿನವೇ "ಸಾಕು, ಗೆದ್ದೆವು" ಎಂದು ನಿಲ್ಲಿಸಿದರೆ ಮೊದಲ ಬಗೆಯ ತಪ್ಪು ನೂರಕ್ಕೆ ಐದರ ಮಿತಿಯಲ್ಲಿ ನಿಲ್ಲುವುದಿಲ್ಲ.

ಫಲಿತಾಂಶವನ್ನು ಓದುವ ಬಗೆ

ಏಳು ತೋಟಗಳಲ್ಲಿ ಸೇರಿ ಬೋರ್ಡೋ ಹೊಡೆದ 280ರಲ್ಲಿ 56 ಮರ, ಹೊಸದು ಹೊಡೆದ 280ರಲ್ಲಿ 31 ಮರ ರೋಗಕ್ಕೆ ತುತ್ತಾದವು ಎಂದಿಟ್ಟುಕೊಳ್ಳೋಣ. ಅಂದರೆ ಶೇ. 20 ಮತ್ತು ಸುಮಾರು ಶೇ. 11, ವ್ಯತ್ಯಾಸ 9. ಹಿಂದಿನಂತೆಯೇ 1600ಕ್ಕೆ 11 × 89 = 979 ಕೂಡಿಸಿದರೆ 2579. ಇದನ್ನು 280ರಿಂದ ಭಾಗಿಸಿದರೆ 9.2. ಗುಂಪುಗಳ ತಿದ್ದುಪಡಿಗಾಗಿ 1.4ರಿಂದ ಗುಣಿಸಿದರೆ 12.9. ವರ್ಗಮೂಲ 3.6, ಅದರ ಎರಡರಷ್ಟು ಸುಮಾರು 7. ಆದುದರಿಂದ ನಿಜವಾದ ವ್ಯತ್ಯಾಸ ಸುಮಾರು 2ರಿಂದ 16ರೊಳಗೆ ಇದೆ. ಸೊನ್ನೆ ಈ ಮಿತಿಯ ಹೊರಗೆ ಉಳಿದಿರುವುದರಿಂದ ಹೊಸ ಔಷಧಿ ಬೋರ್ಡೋಗಿಂತ ಮೇಲು ಎಂದು ನಂಬಲು ಆಧಾರವಿದೆ.

ಆದರೆ ಖರ್ಚನ್ನು ಮರೆಯಬಾರದು. ನೂರು ಮರಕ್ಕೆ ಹೆಚ್ಚಿನ ಖರ್ಚು 2000 ರೂ. ಉಳಿದ ಮರವೊಂದಕ್ಕೆ 400 ರೂ. ಲೆಕ್ಕದಲ್ಲಿ ನೂರಕ್ಕೆ 5 ಮರಗಳಾದರೂ ಉಳಿದರೆ ಮಾತ್ರ ಹಾಕಿದ ಹಣ ಹಿಂದಿರುಗುತ್ತದೆ. ವ್ಯತ್ಯಾಸ 9 ಆಗಿದ್ದರೆ ಲಾಭ, 2 ಆಗಿದ್ದರೆ ನಷ್ಟ. ಔಷಧಿಗೆ ಗುಣವಿದೆ ಎಂಬುದು ತಿಳಿಯಿತು, ಲಾಭವಿದೆ ಎಂಬುದು ಇನ್ನೂ ಪೂರ್ತಿ ಇತ್ಯರ್ಥವಾಗಿಲ್ಲ. ಇಂಥ ಸಂದರ್ಭದಲ್ಲಿ ತೋಟದ ಒಂದು ಭಾಗಕ್ಕೆ ಮಾತ್ರ ಹೊಸದನ್ನು ಬಳಸಿ, ಅದೇ ಏಳು ತೋಟಗಳಲ್ಲಿ ಇನ್ನೊಂದು ಮಳೆಗಾಲ ಪ್ರಯೋಗ ಮುಂದುವರಿಸುವುದು ವಿವೇಕ. ಒಂದು ವರ್ಷದ ಮಳೆಯಂತೆ ಇನ್ನೊಂದು ವರ್ಷದ ಮಳೆ ಇರುವುದಿಲ್ಲ. ಪ್ರತಿ ತೋಟದ ಲೆಕ್ಕವನ್ನು ಬೇರೆಯಾಗಿಯೂ ಬರೆದಿಡಬೇಕು. ಪ್ರಯೋಜನವೆಲ್ಲ ಒಂದೇ ತೋಟದಲ್ಲಿ ಕಂಡು ಉಳಿದ ಆರರಲ್ಲಿ ಕಾಣದಿದ್ದರೆ ಕಾರಣವನ್ನು ಹುಡುಕಬೇಕಾಗುತ್ತದೆ.

ಕೇಳಬೇಕಾದ ಪ್ರಶ್ನೆಗಳು

"ರೋಗ ಅರ್ಧಕ್ಕೆ ಇಳಿಯಿತು" ಎಂದು ಯಾರಾದರೂ ಹೇಳಿದಾಗ, ಹೇಳುವವರು ಅಂಗಡಿಯವರಿರಲಿ, ನೆರೆಯ ತೋಟದವರಿರಲಿ, ಅಧಿಕಾರಿಗಳೇ ಇರಲಿ, ರೈತರು ಈ ಪ್ರಶ್ನೆಗಳನ್ನು ಕೇಳಬೇಕು. ಎಷ್ಟು ಮರಗಳಲ್ಲಿ ಎಷ್ಟು? ಯಾವುದಕ್ಕೆ ಹೋಲಿಸಿದರೆ? ಮರಗಳನ್ನು ಚೀಟಿ ಎತ್ತಿ ಹಂಚಿದ್ದೇ, ಆರಿಸಿದ್ದೇ? ಎಷ್ಟು ತೋಟ, ಎಷ್ಟು ವರ್ಷ? ಪ್ರಯೋಜನ ಕಾಣದ ತೋಟಗಳ ಲೆಕ್ಕ ಎಲ್ಲಿದೆ? ವಿಸ್ತರಣಾ ಕಾರ್ಯಕರ್ತರು ಪ್ರಾತ್ಯಕ್ಷಿಕೆಯ ವರದಿ ಬರೆಯುವಾಗ ಶೇಕಡಾ ಮಾತ್ರ ಬರೆಯದೆ ಮರಗಳ ಸಂಖ್ಯೆಯನ್ನೂ ಬರೆಯುವುದು ಕರ್ತವ್ಯ. 40ರಲ್ಲಿ 4 ಮತ್ತು 400ರಲ್ಲಿ 40 ಎರಡೂ ಶೇ. 10 ಆದರೂ ಅವುಗಳ ತೂಕ ಒಂದೇ ಅಲ್ಲ.

ಪ್ರಯೋಗಕ್ಕೆ ಇಳಿಯುವ ಬೆಳೆಗಾರರು ಮುಂಗಾರಿಗೆ ಎರಡು ತಿಂಗಳು ಮುಂಚೆಯೇ ನೆರೆಹೊರೆಯವರೊಡನೆ ಮಾತನಾಡಿ, ಮರಗಳ ಲೆಕ್ಕ ಹಾಕಿ, ಶಿವಮೊಗ್ಗದ ಕೃಷಿ ವಿಜ್ಞಾನ ಕೇಂದ್ರದ ತಜ್ಞರಿಗೆ ತೋರಿಸುವುದು ಒಳ್ಳೆಯದು. ಅಣ್ಣತಮ್ಮಂದಿರು ತಮ್ಮ ತಕರಾರನ್ನು ಇನ್ನೊಂದು ಮಳೆಗಾಲಕ್ಕೆ ಮುಂದೂಡಿ, ಆರು ಮಂದಿ ನೆರೆಯವರನ್ನು ಜೊತೆಗೆ ಕರೆದುಕೊಂಡರೆ ಇಬ್ಬರಿಗೂ ಉತ್ತರ ಸಿಗುತ್ತದೆ.